ಎರಡನೆಯ ದಾರಿಯ ಬೆಲೆ



ಈ ದಿನ ನಿಮ್ಮೊಡನೆ ಇಂಧನದ ವಿಚಾರ ಮಾತಾಡಬೇಕೆಂದಿದ್ದೇನೆ. ನಮ್ಮ ಮನೆಯ ದೀಪ, ಅಡುಗೆಯ ಒಲೆ, ಕಾರ್ಖಾನೆಯ ಯಂತ್ರ. ಇವನ್ನು ನಡೆಸುವ ಶಕ್ತಿ ಎಲ್ಲಿಂದ ಬರುತ್ತದೆ? ಎಷ್ಟು ದಾರಿಗಳಿಂದ ಬರುತ್ತದೆ? ಒಂದು ದಾರಿ ಮುಚ್ಚಿಹೋದರೆ ಇನ್ನೊಂದು ಇದೆಯೇ? ಉತ್ತರ ಹುಡುಕಲು ಎರಡು ಕಡೆ ನೋಡೋಣ. ಒಂದು, ನವಿಮುಂಬಯಿಯ ನಮ್ಮ ರಬಾಳೆ. ಇನ್ನೊಂದು, ಯುರೋಪಿನ ಪುಟ್ಟ ದೇಶ ಲಿಥುವೇನಿಯಾ.

ಮೊದಲು ರಬಾಳೆ. ಥಾಣೆಯಿಂದ ವಾಶಿಯ ಕಡೆಗೆ ಹೋಗುವ ಲೋಕಲ್ ಹತ್ತಿದರೆ ಐರೋಲಿಯ ನಂತರದ ಸ್ಟೇಷನ್ನೇ ರಬಾಳೆ. ಪೂರ್ವಕ್ಕೆ ಪಾರಸಿಕ್ ಗುಡ್ಡಗಳ ಸಾಲು. ಪಶ್ಚಿಮಕ್ಕೆ ಥಾಣೆ ಖಾಡಿ. ನಡುವಿನ ಉದ್ದನೆಯ ಪಟ್ಟಿಯಲ್ಲಿ ಎಂಐಡಿಸಿಯ ಕೈಗಾರಿಕಾ ಪ್ರದೇಶ. ದಿಘಾದಿಂದ ತುರ್ಭೆಯ ಆಚೆಗೂ ಕಾರ್ಖಾನೆಗಳು. ಬಣ್ಣ, ರಾಸಾಯನಿಕ, ಔಷಧಿ, ಯಂತ್ರದ ಬಿಡಿಭಾಗ, ಇವೆಲ್ಲ ಇಲ್ಲಿ ತಯಾರಾಗುತ್ತವೆ. ಈಚಿನ ವರ್ಷಗಳಲ್ಲಿ ಐರೋಲಿ, ರಬಾಳೆ, ಮಹಾಪೆಗಳಲ್ಲಿ ಡೇಟಾ ಸೆಂಟರುಗಳೂ ಎದ್ದಿವೆ. ಇವಕ್ಕೆ ಹಗಲಿರುಳು, ಒಂದು ಗಳಿಗೆಯೂ ತಪ್ಪದೆ ಕರೆಂಟ್ ಬೇಕು. ಕೆಲಸ ಹುಡುಕಿಕೊಂಡು ಬಂದ ನಮ್ಮ ಕನ್ನಡದ, ತುಳುನಾಡಿನ ಎಷ್ಟೋ ಕುಟುಂಬಗಳು ಈ ಪಟ್ಟಿಯಲ್ಲಿ ನೆಲೆಸಿವೆ. ಕೆಲವರು ಕಾರ್ಖಾನೆಯಲ್ಲಿ, ಕೆಲವರು ಬ್ಯಾಂಕಿನಲ್ಲಿ, ಕೆಲವರು ಹೋಟೆಲಿನಲ್ಲಿ.

ಇಷ್ಟೆಲ್ಲ ಕೆಲಸ ನಡೆಯುವ ಊರಿನಲ್ಲಿ ಇಂಧನ ಹುಟ್ಟುವುದೇ ಇಲ್ಲ. ಎಲ್ಲವೂ ಹೊರಗಿನಿಂದ ಬರಬೇಕು.

ವಿದ್ಯುತ್ತನ್ನು ನೋಡಿ. ಚಂದ್ರಪುರ ಕಲ್ಲಿದ್ದಲಿನ ಸೀಮೆ. ಅಲ್ಲಿಂದ ನಮ್ಮ ಭಿವಂಡಿ ಹತ್ತಿರದ ಪಡಘೆಗೆ ಸುಮಾರು 750 ಕಿಲೋಮೀಟರು ಉದ್ದದ ತಂತಿಮಾರ್ಗವಿದೆ. ಅದು 1,500 ಮೆಗಾವ್ಯಾಟ್ ಹೊತ್ತು ತರಬಲ್ಲದು. ಕೊಯ್ನಾದ ನೀರು ಸಹ್ಯಾದ್ರಿಯ ಒಡಲಲ್ಲಿ ವಿದ್ಯುತ್ತಾಗಿ ಇತ್ತ ಬರುತ್ತದೆ. ಖಾಡಿಯ ಆಚೆ, ವಾಶಿಗೆ ಎದುರಾಗಿ ಟ್ರಾಂಬೆಯ ಉಷ್ಣ ಸ್ಥಾವರವಿದೆ. ಅದು ಮುಂಬಯಿಯ ಮನೆಯಂಗಳದಲ್ಲೇ ಇದೆ, ನಿಜ. ಆದರೆ ಅಲ್ಲಿ ಉರಿಯುವ ಕಲ್ಲಿದ್ದಲು ಹಡಗಿನಲ್ಲಿ ಹೊರದೇಶದಿಂದ ಬರುತ್ತದೆ.

ಅನಿಲವನ್ನು ನೋಡಿ. 1974ರಲ್ಲಿ ಮುಂಬಯಿ ಹೈ ಸಿಕ್ಕಿತು. 1976ರಿಂದ ಅಲ್ಲಿನ ತೈಲ ನಮ್ಮ ಕೈಸೇರಿತು. ಅಲ್ಲಿನ ಅನಿಲ ಇಂದಿಗೂ ಉರಣದ ದಡಕ್ಕೆ ಬರುತ್ತದೆ. ಆದರೂ ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಆಮದು. ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಮಿಕ್ಕಿ ಆಮದು. ಅಡುಗೆಯ ಸಿಲಿಂಡರಿನೊಳಗಿನ ಅನಿಲದಲ್ಲಿ ನೂರಕ್ಕೆ ಸುಮಾರು 60 ಪಾಲು ಆಮದು. ಅದರಲ್ಲೂ ಬಹುಭಾಗ ಕೊಲ್ಲಿ ರಾಷ್ಟ್ರಗಳಿಂದ, ಹೋರ್ಮುಜ್ ಎಂಬ ಒಂದೇ ಇಕ್ಕಟ್ಟಾದ ಜಲಮಾರ್ಗ ದಾಟಿ ಬರುತ್ತದೆ. ಹೋಟೆಲ್ ನಡೆಸುವ ನಮ್ಮ ಬಂಧುಗಳಿಗೆ ಇದನ್ನು ವಿವರಿಸಬೇಕಿಲ್ಲ. 19 ಕಿಲೋದ ಸಿಲಿಂಡರಿನ ದರ ಏರಿದ ತಿಂಗಳು ಇಡ್ಲಿ, ದೋಸೆಯ ಲೆಕ್ಕವೂ ಏರುಪೇರಾಗುತ್ತದೆ.

ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ನಮ್ಮ ಊರಿಗೆ ವಿದ್ಯುತ್ತು ದೂರದಿಂದ ಬರುತ್ತದೆ. ಅನಿಲ, ತೈಲ ಇನ್ನೂ ದೂರದಿಂದ ಬರುತ್ತವೆ. ಹೊರಗಿನಿಂದ ತರಿಸಿಕೊಳ್ಳುವುದು ತಪ್ಪಲ್ಲ. ತರುವ ದಾರಿಗಳು ಬೆರಳೆಣಿಕೆಯಷ್ಟೇ ಆದಾಗ ಭಯ ಹುಟ್ಟುತ್ತದೆ.

ಆ ಭಯವನ್ನು ನಾವು ಒಂದು ದಿನ ಕಣ್ಣಾರೆ ಕಂಡೆವು. 2020ರ ಅಕ್ಟೋಬರ್ 12, ಸೋಮವಾರ. ಕೋವಿಡ್ ಕಾಲ. ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿಯಲ್ಲಿ ಕರೆಂಟ್ ಹೋಯಿತು. ಥಾಣೆ, ನವಿಮುಂಬಯಿಯ ಹಲವು ಭಾಗಗಳಲ್ಲೂ ಹೋಯಿತು. ಲೋಕಲ್ ರೈಲುಗಳು ಎರಡು ಗಂಟೆಗೂ ಮಿಕ್ಕಿ ನಿಂತವು. ಆಸ್ಪತ್ರೆಗಳು ಜನರೇಟರಿನ ಮೇಲೆ ನಡೆದವು. ಕೆಲವು ಕಡೆ ವಿದ್ಯುತ್ತು ಮರಳುವ ಹೊತ್ತಿಗೆ ಕತ್ತಲಾಗಿತ್ತು.

ಕಾರಣ ನಮ್ಮ ನೆರೆಯಲ್ಲೇ ಇತ್ತು. ಮಹಾರಾಷ್ಟ್ರದ ವಿದ್ಯುತ್ ಹಂಚಿಕೆಯನ್ನು ಕ್ಷಣಕ್ಷಣಕ್ಕೂ ನಿಯಂತ್ರಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರ ಇರುವುದು ಐರೋಲಿಯಲ್ಲಿ. ರಬಾಳೆಗೆ ಅದು ಒಂದು ಸ್ಟೇಷನ್ ದೂರ. ಅದಕ್ಕೆ ಹೊಂದಿಕೊಂಡಂತೆ ಕಲ್ವಾದ ಬೃಹತ್ ಉಪಕೇಂದ್ರ. ಪಡಘೆಯಿಂದ, ಪುಣೆಯ ಕಡೆಯಿಂದ ಕಲ್ವಾಕ್ಕೂ ಖಾರ್‌ಘರಿಗೂ ಬರುವ 400 ಕಿಲೋವೋಲ್ಟಿನ ಮಾರ್ಗಗಳು ಒಂದರ ಹಿಂದೆ ಒಂದು ಕೆಟ್ಟವು. ಉಳಿದ ಮಾರ್ಗದ ಮೇಲೆ ಹೊರೆ ಬಿತ್ತು. ಕೊನೆಗೆ ಅದೂ ಕೈಬಿಟ್ಟಿತು.

ಇಂಥ ಹೊತ್ತಿಗೆಂದೇ ಮುಂಬಯಿಗೆ ಒಂದು ವ್ಯವಸ್ಥೆ 1980ರ ದಶಕದಿಂದಲೂ ಇತ್ತು. ಹೊರಗಿನ ಜಾಲ ಕುಸಿದರೆ ನಗರ ತನ್ನನ್ನು ತಾನೇ ಬೇರ್ಪಡಿಸಿಕೊಳ್ಳಬೇಕು. ಟ್ರಾಂಬೆ, ಡಹಾಣು ಮುಂತಾದ ತನ್ನ ಸ್ಥಾವರಗಳಿಂದಲೇ ರೈಲು, ಆಸ್ಪತ್ರೆಗಳನ್ನು ನಡೆಸಬೇಕು. ಅದು ಹಿಂದೆ ಹಲವು ಸಲ ನಗರವನ್ನು ಕಾಪಾಡಿದ್ದೂ ಉಂಟು. ಆ ದಿನ ಮಾತ್ರ ಅದು ಕೈಕೊಟ್ಟಿತು. ನಗರದ ಬೇಡಿಕೆ ಬೆಳೆದಿತ್ತು. ನಗರದೊಳಗಿನ ಉತ್ಪಾದನೆ ಅದರ ಜೊತೆಗೆ ಬೆಳೆದಿರಲಿಲ್ಲ. ಹೊರಗಿನಿಂದ ತರುವ ಹೊಸ ಮಾರ್ಗಗಳ ಯೋಜನೆ ವರ್ಷಗಟ್ಟಲೆ ಕಾಗದದಲ್ಲೇ ಇತ್ತು. ಖಾರ್‌ಘರಿನಿಂದ ವಿಕ್ರೋಳಿಗೆ ಹೋಗುವ 400 ಕಿಲೋವೋಲ್ಟಿನ ಮಾರ್ಗ ಕೆಲಸಕ್ಕೆ ಬಂದದ್ದು 2023ರಲ್ಲಿ.

ನೋಡಿ, ದಾರಿಗಳು ಕಡಿಮೆ ಇದ್ದವು. ಮನೆಯೊಳಗಿನ ಆಸರೆಯೂ ಕಡಿಮೆ ಇತ್ತು. ಎರಡೂ ಒಟ್ಟಿಗೆ ಸೇರಿದಾಗ ಕತ್ತಲೆಯಾಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಲಿಥುವೇನಿಯಾಕ್ಕೆ ಹೋಗೋಣ.

ಲಿಥುವೇನಿಯಾ ಬಾಲ್ಟಿಕ್ ಸಮುದ್ರದ ದಡದ ದೇಶ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ಜನಸಂಖ್ಯೆ 28, 29 ಲಕ್ಷ. ಥಾಣೆ ನಗರ, ಕಲ್ಯಾಣ–ಡೊಂಬಿವಲಿ ಎರಡನ್ನು ಕೂಡಿಸಿದರೆ ಇಡೀ ಲಿಥುವೇನಿಯಾಕ್ಕಿಂತ ಹೆಚ್ಚು ಜನ. ಅಲ್ಲಿ ತೈಲ ಇಲ್ಲವೆನ್ನುವಷ್ಟು ಕಡಿಮೆ. ಕಲ್ಲಿದ್ದಲಿಲ್ಲ. ಅನಿಲವಿಲ್ಲ. ಚಳಿಗಾಲದಲ್ಲಿ ಮನೆ ಬೆಚ್ಚಗಿಡದಿದ್ದರೆ ಬದುಕಲಾಗದು.

1990ರ ಮಾರ್ಚ್ 11ರಂದು ಆ ದೇಶ ಸೋವಿಯತ್ ಒಕ್ಕೂಟದಿಂದ ಸ್ವತಂತ್ರವೆಂದು ಸಾರಿತು. ಏಪ್ರಿಲ್ ತಿಂಗಳಲ್ಲಿ ಮಾಸ್ಕೋ ಉತ್ತರ ಕೊಟ್ಟಿತು. ತೈಲ ನಿಲ್ಲಿಸಿತು. ಅನಿಲವನ್ನು ಬಹುಮಟ್ಟಿಗೆ ಕಡಿತಗೊಳಿಸಿತು. ಎರಡು ತಿಂಗಳಿಗೂ ಮಿಕ್ಕಿ ಈ ದಿಗ್ಬಂಧನ ನಡೆಯಿತು. ಸ್ವತಂತ್ರರಾಗಲು ಹೊರಟವರ ಒಲೆಯ ನಲ್ಲಿ ಬೇರೆಯವರ ಕೈಯಲ್ಲಿತ್ತು.

ಅದೇ ವರ್ಷ ಆಗಸ್ಟಿನಲ್ಲಿ ಇರಾಕ್ ಕುವೈತಿನ ಮೇಲೆ ದಾಳಿಯಿಟ್ಟಿತು. ತೈಲದ ಬೆಲೆ ಗಗನಕ್ಕೇರಿತು. ನಮ್ಮ ದೇಶದ ವಿದೇಶಿ ವಿನಿಮಯ ಕರಗಿ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಉಳಿಯಿತು. 1991ರಲ್ಲಿ ಸರ್ಕಾರ ಚಿನ್ನ ಅಡವಿಟ್ಟಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ತೈಲದ ಆಮದು ಆ ಕಾರಣಗಳಲ್ಲಿ ದೊಡ್ಡದು. ಪುಟ್ಟ ದೇಶವಾಗಲಿ, ದೊಡ್ಡ ದೇಶವಾಗಲಿ, ಇಂಧನದ ವಿಷಯದಲ್ಲಿ ಕೈಕಟ್ಟಿಸಿಕೊಂಡರೆ ಬರುವ ಕಷ್ಟ ಒಂದೇ.

ಲಿಥುವೇನಿಯಾಕ್ಕೆ ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಆಸರೆ ಇತ್ತು. ಇಗ್ನಾಲಿನಾ ಎಂಬ ಪರಮಾಣು ಸ್ಥಾವರ. ದೇಶದ ವಿದ್ಯುತ್ತಿನ ಬಹುದೊಡ್ಡ ಪಾಲು ಅಲ್ಲಿಂದಲೇ. ಆದರೆ ಅದು ಚೆರ್ನೋಬಿಲ್ ಮಾದರಿಯ ಸ್ಥಾವರ. ಐರೋಪ್ಯ ಒಕ್ಕೂಟ ಸೇರಬೇಕಾದರೆ ಅದನ್ನು ಮುಚ್ಚಲೇಬೇಕೆಂಬ ಷರತ್ತು ಬಂತು. ಒಂದು ಘಟಕ 2004ರ ಕೊನೆಗೆ, ಇನ್ನೊಂದು 2009ರ ಕೊನೆಗೆ ನಿಂತವು. ವಿದ್ಯುತ್ತನ್ನು ಹೊರಗೆ ಮಾರುತ್ತಿದ್ದ ದೇಶ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತನ್ನು ಕೊಳ್ಳತೊಡಗಿತು. ಅನಿಲವಂತೂ ಪೂರ್ತಿಯಾಗಿ ರಷ್ಯಾದ ಒಂದೇ ಕಂಪನಿಯಿಂದ, ಪೈಪಿನ ಮೂಲಕ. ಐರೋಪ್ಯ ಒಕ್ಕೂಟದಲ್ಲೇ ಅತಿ ದುಬಾರಿ ದರ ತೆತ್ತವರಲ್ಲಿ ಲಿಥುವೇನಿಯಾದವರೂ ಇದ್ದರು. ಕಾರಣ ಸರಳ. ಕೊಳ್ಳಲು ಬೇರೆ ಅಂಗಡಿ ಇರಲಿಲ್ಲ.

ಇಲ್ಲಿಗೆ ಅವರ ಸ್ಥಿತಿ ಸ್ಪಷ್ಟವಾಯಿತು. ಸ್ವಂತ ಇಂಧನವಿಲ್ಲ. ಇದ್ದ ಸ್ಥಾವರ ಮುಚ್ಚಿದೆ. ಮಾರುವವನು ಒಬ್ಬನೇ. ಅವರು ಏನು ಮಾಡಿದರು?

ಮೊದಲನೆಯದು ತೈಲ. 1999ರಲ್ಲೇ ಅವರು ಬುಟಿಂಗೆ ಎಂಬಲ್ಲಿ ಸಮುದ್ರದಿಂದ ತೈಲ ಇಳಿಸಿಕೊಳ್ಳುವ ನೆಲೆ ಕಟ್ಟಿದ್ದರು. ಅಷ್ಟು ಖರ್ಚು ಯಾಕೆಂದು ಕೇಳಬಹುದಿತ್ತು. ರಷ್ಯಾದ ಪೈಪಿನಲ್ಲಿ ತೈಲ ಬರುತ್ತಲೇ ಇತ್ತಲ್ಲ. 2006ರಲ್ಲಿ ಆ ಪೈಪು ನಿಂತಿತು. ಸೋರಿಕೆ ಎಂದರು. ಮತ್ತೆ ಅದರಲ್ಲಿ ತೈಲ ಹರಿಯಲೇ ಇಲ್ಲ. ದೇಶದ ಶುದ್ಧೀಕರಣ ಘಟಕ ಮಾತ್ರ ನಿಲ್ಲಲಿಲ್ಲ. ಸಮುದ್ರದ ದಾರಿ ಆಗಲೇ ಸಿದ್ಧವಿತ್ತು.

ಎರಡನೆಯದು ಅನಿಲ. 2014ರ ಅಕ್ಟೋಬರಿನಲ್ಲಿ ಕ್ಲೈಪೆಡಾ ಬಂದರಿಗೆ ಒಂದು ಭಾರೀ ಹಡಗು ಬಂತು. ಸುಮಾರು 300 ಮೀಟರು ಉದ್ದ. ನಮ್ಮ ಹನ್ನೆರಡು ಡಬ್ಬಿಯ ಲೋಕಲಿಗಿಂತಲೂ ಉದ್ದ ಎಂದುಕೊಳ್ಳಿ. ಅದರ ಹೆಸರು ಇಂಡಿಪೆಂಡೆನ್ಸ್. ಅನಿಲವನ್ನು ತೀರಾ ತಣ್ಣಗೆ ಮಾಡಿದರೆ ದ್ರವವಾಗುತ್ತದೆ. ಆಗ ಅದರ ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದನ್ನು ಹಡಗುಗಳಲ್ಲಿ ಎಲ್ಲಿಂದ ಬೇಕಾದರೂ ತರಬಹುದು. ಈ ಹಡಗು ದಡಕ್ಕೆ ಕಟ್ಟಿಕೊಂಡು ನಿಂತು, ಆ ದ್ರವವನ್ನು ಮತ್ತೆ ಅನಿಲವಾಗಿಸಿ ದೇಶದ ಪೈಪುಗಳಿಗೆ ಬಿಡುತ್ತದೆ. ಮೊದಲ ಅನಿಲ ನಾರ್ವೆಯಿಂದ ಬಂತು.

ಮಿತ್ರರೇ, ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹಡಗು ಬರುವುದಕ್ಕೆ ಕೆಲವು ತಿಂಗಳ ಮುಂಚೆಯೇ ರಷ್ಯಾದ ಕಂಪನಿ ತನ್ನ ದರವನ್ನು ಸುಮಾರು ಐದನೇ ಒಂದು ಪಾಲು ಇಳಿಸಿತು. ಆಗಿನ್ನೂ ಹೊಸ ದಾರಿಯಿಂದ ಒಂದು ಘನ ಮೀಟರು ಅನಿಲವೂ ಬಂದಿರಲಿಲ್ಲ. ದಾರಿ ಇದೆ ಎಂಬುದೇ ಸಾಕಾಯಿತು. ಬಳಸದೆ ಇದ್ದಾಗಲೂ ಎರಡನೆಯ ದಾರಿ ಕೆಲಸ ಮಾಡುತ್ತಿರುತ್ತದೆ.

ಮೂರನೆಯದು ವಿದ್ಯುತ್ತು. ಸಮುದ್ರದಡಿಯ ಕೇಬಲ್ ಸ್ವೀಡನ್ನಿಗೆ ಹೋಯಿತು. ನೆಲದ ಮೇಲಿನ ಮಾರ್ಗ ಪೋಲೆಂಡಿಗೆ ಹೋಯಿತು. ಎರಡೂ 2015, 16ರ ಹೊತ್ತಿಗೆ ಸಿದ್ಧವಾದವು. ಯುಕ್ರೇನಿನ ಮೇಲೆ ರಷ್ಯಾದ ಯುದ್ಧ ಶುರುವಾದಾಗ, 2022ರ ಏಪ್ರಿಲಿನಲ್ಲಿ ಲಿಥುವೇನಿಯಾ ರಷ್ಯಾದ ಅನಿಲವನ್ನು ಪೂರ್ತಿ ನಿಲ್ಲಿಸಿತು. ಐರೋಪ್ಯ ಒಕ್ಕೂಟದಲ್ಲಿ ಹಾಗೆ ಮಾಡಿದ ಮೊದಲ ದೇಶ ಅದು. ಮರುತಿಂಗಳು ರಷ್ಯಾದ ವಿದ್ಯುತ್ತನ್ನು ಕೊಳ್ಳುವುದನ್ನೂ ಬಿಟ್ಟಿತು.

ಆದರೂ ಒಂದು ಕಟ್ಟು ಉಳಿದಿತ್ತು. ತಂತಿಜಾಲದಲ್ಲಿ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ. ಆ ಮಿಡಿತ ಎಲ್ಲ ಕಡೆ ಒಂದೇ ಆಗಿರಬೇಕು. ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾಗಳ ಮಿಡಿತವನ್ನು ನಿಯಂತ್ರಿಸುತ್ತಿದ್ದದ್ದು ಮಾಸ್ಕೋ. 2025ರ ಫೆಬ್ರವರಿ 8ರಂದು ಮೂರೂ ದೇಶಗಳು ಆ ಜಾಲದಿಂದ ಬೇರ್ಪಟ್ಟವು. ಸುಮಾರು ಒಂದು ದಿನ ಯಾರಿಗೂ ಹೊಂದಿಕೊಳ್ಳದೆ ತಮ್ಮ ಬಲದ ಮೇಲೇ ನಿಂತವು. ಫೆಬ್ರವರಿ 9ರಂದು ಪೋಲೆಂಡಿನ ಮೂಲಕ ಯುರೋಪಿನ ಜಾಲಕ್ಕೆ ಸೇರಿದವು. ದೀಪಗಳು ಆರಲಿಲ್ಲ.

ಮುಂಬಯಿ ಆ ಅಕ್ಟೋಬರಿನಲ್ಲಿ ಮಾಡಲಾಗದ್ದನ್ನು ಅವರು ಮಾಡಿದರು. ಹೇಗೆ? ವರ್ಷಗಟ್ಟಲೆ ತಯಾರಿ ನಡೆಸಿದ್ದರು. ನೀರನ್ನು ಮೇಲಕ್ಕೆ ಪಂಪು ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ತು ತೆಗೆಯುವ 900 ಮೆಗಾವ್ಯಾಟಿನ ಸ್ಥಾವರ ಅವರಲ್ಲಿತ್ತು. 200 ಮೆಗಾವ್ಯಾಟಿನ ಬ್ಯಾಟರಿಗಳನ್ನು ನಾಲ್ಕು ಕಡೆ ಕೂರಿಸಿದ್ದರು. ಮಿಡಿತವನ್ನು ಸ್ಥಿರವಾಗಿಡುವ ಯಂತ್ರಗಳನ್ನು ತಂದಿದ್ದರು. ಅವಕಾಶಕ್ಕೆ ಕಾದು ಕೂರದೆ, ದಿನ ಗೊತ್ತುಮಾಡಿ, ತಾವೇ ಪರೀಕ್ಷೆಗೆ ನಿಂತರು.

ಇದು ಪುಕ್ಕಟೆ ಸಿಕ್ಕದ್ದಲ್ಲ. ಆ ಮಾತನ್ನೂ ಹೇಳಲೇಬೇಕು. ಹಡಗಿನ ಖರ್ಚನ್ನು ವರ್ಷಗಟ್ಟಲೆ ಅನಿಲದ ಗ್ರಾಹಕರೇ ತೆತ್ತರು. 2022ರಲ್ಲಿ ಅನಿಲ, ವಿದ್ಯುತ್ತಿನ ಬೆಲೆ ಅಲ್ಲಿನ ಜನರ ಬೆನ್ನು ಬಾಗಿಸಿತು. ಹೊಸ ದಾರಿಗಳಿಗೂ ಅಪಾಯವಿದೆ. 2024ರ ಡಿಸೆಂಬರಿನಲ್ಲಿ ಎಸ್ಟೋನಿಯಾ, ಫಿನ್ಲೆಂಡ್ ನಡುವಿನ ಸಮುದ್ರದಡಿಯ ಕೇಬಲ್ ತುಂಡಾಯಿತು. ಲಿಥುವೇನಿಯಾ ಇಂದಿಗೂ ಅನಿಲವನ್ನು ಆಮದು ಮಾಡಿಕೊಳ್ಳುತ್ತಿದೆ. ಗಾಳಿ, ಬಿಸಿಲಿನ ವಿದ್ಯುತ್ತನ್ನು ವೇಗವಾಗಿ ಹೆಚ್ಚಿಸಿಕೊಳ್ಳುತ್ತಿದೆ. ಇಷ್ಟಾದರೂ ಒಂದು ಬದಲಾವಣೆ ಆಗಿದೆ. ಇಂದು ಆ ದೇಶದ ನಲ್ಲಿಯನ್ನು ಯಾರೊಬ್ಬರೂ ಒಂಟಿಯಾಗಿ ಮುಚ್ಚಲಾರರು.

ಲಿಥುವೇನಿಯಾದ ಪಾಠವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ದಾರಿಗಳು ಒಂದಕ್ಕಿಂತ ಹೆಚ್ಚಿರಲಿ. ಮನೆಯೊಳಗೆ ಒಂದು ದಿನ ತಡೆದುಕೊಳ್ಳುವ ಆಸರೆ ಇರಲಿ. ಈ ಪಾಠ ಕನ್ನಡಿಗರಿಗೆ ಹೊಸದೇನಲ್ಲ. ನಮ್ಮ ನಾಡಿನ ಕಡೆಗೆ ಸ್ವಲ್ಪ ತಿರುಗೋಣ.

ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ. ತೈಲವಿಲ್ಲ. ಇದ್ದದ್ದು ನೀರು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರು ದೂರ ವಿದ್ಯುತ್ತು ಹರಿಯಿತು. ಮುಂಬಯಿಯ ಗಿರಣಿಗಳಿಗೆ ಖೋಪೋಲಿಯ ಜಲವಿದ್ಯುತ್ತು ಬಂದದ್ದು ಅದಾಗಿ ಹದಿಮೂರು ವರ್ಷದ ಮೇಲೆ, 1915ರಲ್ಲಿ. ಆಮೇಲೆ ಜೋಗ, ಶರಾವತಿ, ಕಾಳಿ. ದಶಕಗಳ ಕಾಲ ಕರ್ನಾಟಕ ಹೆಚ್ಚಾಗಿ ನೀರನ್ನೇ ನಂಬಿ ನಡೆಯಿತು. ನೀರು ನಮ್ಮದೇ. ಆದರೂ ಅದು ಒಂದೇ ದಾರಿ. ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿ ಜಲಾಶಯ ಬತ್ತಿತು, ಊರೂರಲ್ಲಿ ಕರೆಂಟ್ ಕಡಿತವಾಯಿತು. ಸ್ವಂತದ್ದಾದ ಮಾತ್ರಕ್ಕೆ ಒಂದೇ ಮೂಲ ಸಾಕಾಗುವುದಿಲ್ಲ ಎಂಬುದು ನಮ್ಮ ತಂದೆ, ತಾತಂದಿರ ಅನುಭವ.

ಅದಕ್ಕಾಗಿ 1980ರ ದಶಕದಲ್ಲಿ ರಾಯಚೂರಿನ ಉಷ್ಣ ಸ್ಥಾವರ ಬಂತು. ಅದಕ್ಕೆ ಕಲ್ಲಿದ್ದಲು ಹೊರರಾಜ್ಯದಿಂದ ಬರಬೇಕು. ಕೈಗಾದಲ್ಲಿ ಪರಮಾಣು ವಿದ್ಯುತ್ತು ಬಂತು. ಚಿತ್ರದುರ್ಗ, ಗದಗದ ಬಯಲಿನಲ್ಲಿ ಗಾಳಿಯಂತ್ರಗಳು ನಿಂತವು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,000 ಮೆಗಾವ್ಯಾಟಿನ ಸೌರ ಉದ್ಯಾನ ಎದ್ದಿತು. ಅಲ್ಲಿ ರೈತರ ಜಮೀನನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಬಾಡಿಗೆ ಕೊಟ್ಟರು. ಬರದ ಸೀಮೆಯ ರೈತರಿಗೆ ಅದು ಆಸರೆಯಾಯಿತು. ಹೊಲದ ಕೂಲಿಯನ್ನೇ ನೆಚ್ಚಿದ್ದ ಭೂಮಿಯಿಲ್ಲದವರಿಗೆ ಕೆಲಸ ಹೋಯಿತು. ಎರಡನೆಯ ದಾರಿಯ ಬೆಲೆಯನ್ನು ಬಡವರೇ ತೆರುವಂತಾಗಬಾರದು. ಇದನ್ನು ಯೋಜನೆ ಮಾಡುವವರು ನೆನಪಿಡಬೇಕು.

2023ರಲ್ಲಿ ಮತ್ತೆ ಬರ ಬಂತು. ಈ ಸಲ ಕರ್ನಾಟಕ ಪಂಜಾಬಿನಿಂದಲೂ ಉತ್ತರ ಪ್ರದೇಶದಿಂದಲೂ ವಿದ್ಯುತ್ತನ್ನು ಕೈಸಾಲ ಪಡೆಯಿತು. ಹಣಕ್ಕಲ್ಲ, ಮುಂದೆ ವಿದ್ಯುತ್ತನ್ನೇ ಮರಳಿಸುವ ಕರಾರಿನ ಮೇಲೆ. ತಂತಿಜಾಲ ಒಂದಾಗಿದ್ದರಿಂದ ಇದು ಸಾಧ್ಯವಾಯಿತು. ನೆರೆಯವರೊಡನೆ ಕೊಡುಕೊಳ್ಳುವಿಕೆಯೂ ಸ್ವಾವಲಂಬನೆಯ ಒಂದು ಭಾಗವೇ.

ತುಳುನಾಡಿನ ಕೇಳುಗರಿಗೆ ಇನ್ನೊಂದು ಮಾತು. ನಿಮ್ಮೂರಿನ ನೆಲದಡಿಯಲ್ಲೇ ದೇಶದ ಆಪತ್ಕಾಲದ ತೈಲವಿದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಕಾಪು ಹತ್ತಿರದ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ಗುಹೆಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ. ವಿಶಾಖಪಟ್ಟಣದ್ದೂ ಸೇರಿ, ಪೂರ್ತಿ ತುಂಬಿದರೆ ದೇಶಕ್ಕೆ ಒಂಬತ್ತು, ಹತ್ತು ದಿನ ಸಾಕು. ಕಂಪನಿಗಳ ದಾಸ್ತಾನು ಬೇರೆ. ಹತ್ತು ದಿನ ಕಡಿಮೆಯೆನಿಸಬಹುದು. ಹಡಗನ್ನು ಬೇರೆ ದಾರಿಗೆ ತಿರುಗಿಸಲು ಬೇಕಾದ ಬಿಡುವನ್ನು ಆ ದಿನಗಳು ಕೊಡುತ್ತವೆ.

ಇಲ್ಲಿಯವರೆಗೆ ದೇಶದ, ರಾಜ್ಯದ ಮಾತಾಯಿತು. ಹಲವು ದಾರಿ, ಸ್ವಲ್ಪ ದಾಸ್ತಾನು, ಒಂದು ದಿನದ ಆಸರೆ. ಇನ್ನು ನಾವು ಮಾಡಬಹುದಾದ್ದೇನು? ರಬಾಳೆಯ ಒಂದು ಹೌಸಿಂಗ್ ಸೊಸೈಟಿ, ಒಂದು ಕಾರ್ಖಾನೆ, ಒಂದು ಹೋಟೆಲು ಮಾಡಬಹುದಾದ್ದೇನು?

ಸೊಸೈಟಿಯ ಮಾಳಿಗೆಯಿಂದ ಶುರುಮಾಡೋಣ. ಒಂದು ಕಿಲೋವ್ಯಾಟಿನ ಸೌರಫಲಕಕ್ಕೆ ಸುಮಾರು ನೂರು ಚದರಡಿ ಜಾಗ ಸಾಕು. ಒಳ್ಳೆಯ ಬಿಸಿಲಿನ ದಿನ ನಾಲ್ಕು ಯೂನಿಟ್ ಕೊಡುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಮನೆಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ಸೊಸೈಟಿಯ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳಂಥ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿಯಂತೆ ಸಿಗುತ್ತದೆ. ಎಂಐಡಿಸಿಯ ಕಾರ್ಖಾನೆಗಳ ಉದ್ದಗಲದ ಚಾವಣಿಗಳ ಬಗ್ಗೆ ಬೇರೆ ಹೇಳಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ಸಾಮಾನ್ಯ ಸೌರಫಲಕ ಊರಿನ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ತಂತಿ ರಿಪೇರಿ ಮಾಡುವ ಲೈನ್‌ಮನ್ನನ ಪ್ರಾಣ ಕಾಪಾಡಲು ಹಾಗೆ ಮಾಡಿರುತ್ತಾರೆ. ಕತ್ತಲೆಯ ದಿನವೂ ಪಂಪು, ಲಿಫ್ಟು ನಡೆಯಬೇಕಾದರೆ ಬ್ಯಾಟರಿಯೂ ಅದಕ್ಕೆ ಹೊಂದುವ ಇನ್ವರ್ಟರೂ ಬೇಕು. ಖರ್ಚು ಹೆಚ್ಚು. ಅದನ್ನು ಬರೀ ಬಿಲ್ಲಿನ ಉಳಿತಾಯದಿಂದ ಅಳೆಯಬೇಡಿ. ವರ್ಷಕ್ಕೆ ಒಂದೇ ಸಲ ಬೇಕಾದರೂ ಆ ಒಂದು ಸಲ ಎಂಟನೇ ಮಹಡಿಯ ಹಿರಿಯರಿಗೆ ಅದು ಎಷ್ಟು ದೊಡ್ಡದೆಂದು ಯೋಚಿಸಿ.

ಇನ್ನು ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಂಕಣದಲ್ಲಿ ಮೋಡ ಕವಿದಿರುತ್ತದೆ. ಸೌರ ವಿದ್ಯುತ್ತು ಇಳಿಯುತ್ತದೆ. ಅದೇ ಮುಂಗಾರು ಗಾಳಿ ಸಾತಾರಾದ ಬೆಟ್ಟಗಳಲ್ಲಿ, ನಮ್ಮ ಗದಗ, ಚಿತ್ರದುರ್ಗಗಳಲ್ಲಿ ಗಾಳಿಯಂತ್ರಗಳನ್ನು ಜೋರಾಗಿ ತಿರುಗಿಸುತ್ತದೆ. ಬಿಸಿಲು ಬಿಟ್ಟದ್ದನ್ನು ಗಾಳಿ ತುಂಬುತ್ತದೆ. ಆದ್ದರಿಂದ ಮಾಳಿಗೆಯ ಫಲಕದ ಜೊತೆಗೆ ದೂರದ ತಂತಿಮಾರ್ಗಗಳೂ ಬೇಕು. ಹೊಸ ಮಾರ್ಗದ ಮಾತು ಬಂದಾಗ ಕಂಬ ನಮ್ಮ ಕಡೆ ಬೇಡ ಎಂದಷ್ಟೇ ಹೇಳಿ ಸುಮ್ಮನಾಗುವುದು ಸಾಲದು. ಖಾಡಿಯ ಕಾಂಡ್ಲಾ ಕಾಡಿಗೆ, ಊರಿನ ಜನರಿಗೆ ಕಡಿಮೆ ಹಾನಿಯಾಗುವ ದಾರಿ ಯಾವುದೆಂದು ಕೇಳಬೇಕು, ಅದನ್ನು ಬೇಗ ಮುಗಿಸಿ ಎಂದು ಒತ್ತಾಯಿಸಲೂ ಬೇಕು.

ಹೋಟೆಲಿನ ಬಂಧುಗಳೇ, ಇಡೀ ಅಡುಗೆಮನೆಯನ್ನು ಒಂದೇ ಇಂಧನಕ್ಕೆ ಒಪ್ಪಿಸಬೇಡಿ. ಪೈಪಿನ ಗ್ಯಾಸ್ ಬಂದಿರುವ ಕಡೆ ಅದನ್ನು ಹಾಕಿಸಿಕೊಳ್ಳಿ. ಆದರೆ ಒಂದೆರಡು ವಿದ್ಯುತ್ ಒಲೆ, ಒಂದು ವಿದ್ಯುತ್ ಸ್ಟೀಮರು ಜೊತೆಗಿರಲಿ. ಸಿಲಿಂಡರು ತಡವಾದ ದಿನವೂ ಇಡ್ಲಿ ಬೇಯಬೇಕು. ನಿಮ್ಮಲ್ಲಿ ದುಡಿಯುವ ಹುಡುಗರಿಗೆ ಆ ದಿನವೂ ಸಂಬಳ ಸಿಗಬೇಕು.

ಕೇಳುಗರೇ, ಮಾತು ಮುಗಿಸುವ ಮುಂಚೆ ಹೇಳಿದ್ದೆಲ್ಲವನ್ನೂ ಒಂದೆಡೆ ಸೇರಿಸುತ್ತೇನೆ. ನಮ್ಮ ಇಂಧನ ದೂರದಿಂದ, ಕೆಲವೇ ದಾರಿಗಳಿಂದ ಬರುತ್ತದೆ. ಆ ದಾರಿಗಳು ಕೆಟ್ಟಾಗ ಏನಾಗುತ್ತದೆಂದು 2020ರಲ್ಲಿ ಕಂಡಿದ್ದೇವೆ. ನಮ್ಮ ಎರಡು ನಗರಗಳಷ್ಟೂ ಜನರಿಲ್ಲದ ದೇಶವೊಂದು ಮೂವತ್ತೈದು ವರ್ಷ ಪಟ್ಟುಹಿಡಿದು ದಾರಿಗಳನ್ನು ಹೆಚ್ಚಿಸಿಕೊಂಡಿತು. ಸರ್ಕಾರಗಳು ಬದಲಾದವು, ಗುರಿ ಬದಲಾಗಲಿಲ್ಲ. ಖರ್ಚನ್ನು ಅವರು ಕಷ್ಟ ಬರುವ ಮೊದಲೇ ತೆತ್ತರು. ಕಷ್ಟ ಬಂದ ಮೇಲೆ ತೆರುವ ಬೆಲೆ ಯಾವಾಗಲೂ ಹೆಚ್ಚು.

ನಿಮ್ಮ ಸೊಸೈಟಿಯ ಮುಂದಿನ ಸಾಮಾನ್ಯ ಸಭೆಯಲ್ಲಿ ಪಾರ್ಕಿಂಗಿನ ಚರ್ಚೆಗೆ ಮೊದಲು ಈ ಪ್ರಶ್ನೆಯನ್ನು ಎತ್ತಿ: ನಾಳೆ ಒಂದು ದಿನ ಕರೆಂಟ್ ಬಾರದಿದ್ದರೆ ನಮ್ಮ ನೀರು, ಲಿಫ್ಟು, ಔಷಧಿಯ ಫ್ರಿಜ್ ಹೇಗೆ ನಡೆಯುತ್ತವೆ? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ. ಯಾರು, ಯಾವ ತಿಂಗಳೊಳಗೆ, ಎಷ್ಟು ಖರ್ಚಿನಲ್ಲಿ ಮಾಡುತ್ತಾರೆ ಎಂಬುದನ್ನೂ ಬರೆಸಿ.